ಕೊನೆಯಲ್ಲಿ ಬಂದ ಪೋಲೀಸರು

ನಮ್ಮ ಚಲಚ್ಚಿತ್ರಗಳಲ್ಲಿ ಪೋಲೀಸರು ಕೊನೆಯ ದೃಶ್ಯಕ್ಕೆ ಸರಿಯಾಗಿ ಬರುತ್ತಾರೆ ಎಂಬುದು ಬಹುಕಾಲದಿಂದ ನಡೆದುಬಂದ ಪರಿಹಾಸ. ನಾಯಕನು ಖಳನನ್ನು ಹಣ್ಣುಗಾಯಿ ಮಾಡಿ ಮುಗಿಸಿರುತ್ತಾನೆ; ಕಂಬಕ್ಕೆ ಬಿಗಿದಿದ್ದ ತಾಯಿಯ ಕಟ್ಟು ಬಿಚ್ಚಿರುತ್ತದೆ; ಆಗ ಶಿಳ್ಳೆ ಊದುತ್ತ ಇನ್ಸ್‌ಪೆಕ್ಟರು ಪ್ರವೇಶಿಸಿ ಎಲ್ಲರಿಗಿಂತಲೂ ಗಟ್ಟಿಯಾಗಿ ಕೂಗುತ್ತಾರೆ. ಪ್ರೇಕ್ಷಕರು ಆ ವೇಳೆಗೆ ಕತ್ತಲಲ್ಲಿ ಚಪ್ಪಲಿ ತಡಕುತ್ತಿರುತ್ತಾರೆ. ಇದನ್ನು ಕಂಡು ನಕ್ಕವರಲ್ಲಿ ನಾನೂ ಒಬ್ಬ. ಆದರೆ ರಾಮನಗರದ ಬಂಡೆಗಳ ನಡುವೆ ತಯಾರಾದ ‘ಶೋಲೆ’ಯ ಕೊನೆಗೆ ಪೋಲೀಸರು ಬಂದ ಕಥೆ ಮಾತ್ರ ನಗುವಂಥದಲ್ಲ. ಅವರನ್ನು ಕಥೆಗಾರರು ಕರೆದಿರಲಿಲ್ಲ. ಸೆನ್ಸಾರ್ ಮಂಡಲಿ ಕಳುಹಿಸಿತು.

‘ಶೋಲೆ’ಯನ್ನು ಡಕಾಯಿತರ ಕಥೆ ಎನ್ನುವುದು ವಾಡಿಕೆ, ಗೆಳೆತನದ ಕಥೆ ಎನ್ನುವವರೂ ಉಂಟು. ನನ್ನ ಮಟ್ಟಿಗೆ ಅದು ಒಬ್ಬ ಪೋಲೀಸ್ ಅಧಿಕಾರಿಯ ಕಥೆ. ಠಾಕೂರ್ ಬಲದೇವಸಿಂಗನು ಡಕಾಯಿತ ಗಬ್ಬರನನ್ನು ಹಿಡಿದು, ಕಾನೂನಿನ ಪ್ರಕಾರ ಸೆರೆಮನೆಗೆ ಒಪ್ಪಿಸುತ್ತಾನೆ. ತನ್ನ ಕರ್ತವ್ಯ ಮುಗಿಯಿತೆಂದು ಅವನು ತಿಳಿದಿರುವಾಗಲೇ ಗಬ್ಬರನು ಸೆರೆಮನೆಯಿಂದ ತಪ್ಪಿಸಿಕೊಂಡು ಬಂದು ಅವನ ಮನೆಯವರನ್ನು ಪುಟ್ಟ ಹುಡುಗನನ್ನೂ ಬಿಡದೆ ಕೊಲ್ಲುತ್ತಾನೆ. ರೋಷದಿಂದ ನಿರಾಯುಧನಾಗಿ ಓಡಿಬಂದ ಠಾಕೂರನ ಎರಡೂ ತೋಳುಗಳನ್ನು ಕಡಿಯುತ್ತಾನೆ. ಅಲ್ಲಿಂದ ಮುಂದಿನದೆಲ್ಲ, ಹಿಡಿಯುವ ಕೈಯನ್ನೇ ಕಳೆದುಕೊಂಡ ಪೋಲೀಸನು ಇಬ್ಬರು ಕಳ್ಳರ ಕೈಗಳನ್ನು ಕೂಲಿಗೆ ಪಡೆದ ಕಥೆ. ಬರೆದ ಜೋಡಿಯಲ್ಲಿ ಒಬ್ಬರಾದ ಸಲೀಂ ಖಾನರ ತಂದೆ ಪೋಲೀಸ್ ಅಧಿಕಾರಿಯಾಗಿದ್ದವರು. ಗ್ವಾಲಿಯರ್ ಕಡೆಯಲ್ಲಿ ನಿಜವಾಗಿಯೂ ಗಬ್ಬರ್ ಎಂಬ ಡಕಾಯಿತನಿದ್ದ. ಸಿಕ್ಕ ಪೋಲೀಸರ ಕಿವಿಮೂಗುಗಳನ್ನು ಕೊಯ್ಯುವುದು ಅವನ ಪದ್ಧತಿ. ಆ ಕಥೆ ಸಲೀಮರ ಮನೆಯೊಳಗೇ ಇತ್ತು.

ಹಾಗೆ ಚಂಬಲ್ ಕಣಿವೆಯಲ್ಲಿ ಹುಟ್ಟಿದ ಕಥೆ 1973ರ ಅಕ್ಟೋಬರಿನಲ್ಲಿ ನಮ್ಮ ರಾಮದೇವರ ಬೆಟ್ಟದ ಬುಡಕ್ಕೆ ಬಂದಿತು. ಕಲಾ ನಿರ್ದೇಶಕ ರಾಮ್ ಯೇಡೇಕರರು ಅಲ್ಲೊಂದು ಊರನ್ನೇ ಎಬ್ಬಿಸಿದರು: ಗುಡಿ, ಮಸೀದಿ, ನೀರಿನ ತೊಟ್ಟಿ, ಠಾಕೂರನ ಮನೆ. ಹೆದ್ದಾರಿಯಿಂದ ಅಲ್ಲಿಗೆ ರಸ್ತೆ ಹಾಕಿದರು. ಸುತ್ತಿನ ಹಳ್ಳಿಗಳ ಜನ ಪೇಟ ಸುತ್ತಿಕೊಂಡು ಉತ್ತರ ದೇಶದ ಹಳ್ಳಿಗರಾಗಿ ನಿಂತರು. ಚನ್ನಪಟ್ಟಣದ ಬೊಂಬೆಗಳಿಗೂ ರಾಮನಗರದ ರೇಷ್ಮೆಗೂಡಿಗೂ ಹೆಸರಾಗಿದ್ದ ಈ ಸೀಮೆ ಸಿನಿಮಾದ ನಕಾಶೆಯಲ್ಲಿ ಮೂಡಿದ್ದು ಆಗ. ಮುಂದೆ ಡೇವಿಡ್ ಲೀನ್ ಎಂಬ ಆಂಗ್ಲ ನಿರ್ದೇಶಕರು ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದ ಗುಹೆಗಳಿಗಾಗಿ ಮಾಗಡಿಯ ಸಾವನದುರ್ಗಕ್ಕೆ ಬಂದರು. ಬೆಟ್ಟಗಳಿಗೆ ಇದಾವುದರ ಪರಿವೆಯೂ ಇಲ್ಲ. ಅವುಗಳ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸೆಂದು ಭೂಗರ್ಭ ಶಾಸ್ತ್ರಜ್ಞರು ಹೇಳುತ್ತಾರೆ. ರಾಮನಗರ 2007ರಲ್ಲಿ ಜಿಲ್ಲೆಯಾಯಿತು, 2025ರಲ್ಲಿ ಆ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವಾಯಿತು; ಕಲ್ಲು ಎಲ್ಲಕ್ಕೂ ಸುಮ್ಮನಿತ್ತು.

ನಟವರ್ಗದ ವಿಚಾರ ಎತ್ತಿದರೆ ಜನ ಮೊದಲು ಧರ್ಮೇಂದ್ರ, ಅಮಿತಾಭ್ ಎನ್ನುತ್ತಾರೆ. ಹೆಂಗಸರು ಹೇಮಮಾಲಿನಿಯ ಟಾಂಗಾವನ್ನು ನೆನೆಯುತ್ತಾರೆ. ದೀಪವಾರಿಸುತ್ತ ಮೌನವಾಗಿ ನಡೆಯುವ ಜಯಾಭಾದುರಿಯನ್ನು ನೆನೆದು ನಿಟ್ಟುಸಿರಿಡುವವರೂ ಉಂಟು. ನನಗೆ ಮಾತ್ರ ಸಂಜೀವಕುಮಾರರೇ ಮುಖ್ಯ. ಆಗ ಅವರಿಗೆ ಮೂವತ್ತೈದು ದಾಟಿ ಹೆಚ್ಚು ದಿನಗಳಾಗಿರಲಿಲ್ಲ. ತಲೆಗೆ ನರೆ ಬಳಿದುಕೊಂಡು ವೃದ್ಧರಾದರು. ನಟನಾದವನಿಗೆ ಕೈಯೇ ಅರ್ಧ ಬಂಡವಾಳ. ಯಕ್ಷಗಾನದವರನ್ನು ಕೇಳಿ, ನಾಟಕದವರನ್ನು ಕೇಳಿ, ಕೈ ಕಟ್ಟಿಹಾಕಿದರೆ ಅವರಿಗೆ ಮಾತೂ ಹೊರಡದು. ಚಿತ್ರದ ಬಹುಪಾಲಿನಲ್ಲಿ ಆ ಬಂಡವಾಳವನ್ನು ಒಂದು ಶಾಲಿನೊಳಗೆ ಬಚ್ಚಿಟ್ಟು, ಬರಿಯ ಕಣ್ಣು ಮತ್ತು ಬಿಗಿದ ದವಡೆಯಿಂದ ಅವರು ನಡೆಸಿದ ಅಭಿನಯ ಸಾಮಾನ್ಯವಾದುದಲ್ಲ.

ಆದರೂ ಜನ ಮನೆಗೆ ಕೊಂಡೊಯ್ದದ್ದು ಗಬ್ಬರನನ್ನು. ಆ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವರು ಡ್ಯಾನಿ ಡೆನ್ಜೊಂಗ್ಪ. ಅವರು ಬೇರೆ ಚಿತ್ರಕ್ಕಾಗಿ ಆಫ್ಘಾನಿಸ್ಥಾನಕ್ಕೆ ಹೋಗಬೇಕಾದುದರಿಂದ ಅಷ್ಟೇನೂ ಹೆಸರಿಲ್ಲದ ಅಮ್ಜದ್ ಖಾನರ ಪಾಲಿಗೆ ಬಂದಿತು. ಜಯಾಭಾದುರಿಯ ತಂದೆ ಚಂಬಲ್ ಡಕಾಯಿತರನ್ನು ಕುರಿತು ಬರೆದಿದ್ದ ಪುಸ್ತಕವನ್ನು ಅವರು ಓದಿ ಸಿದ್ಧರಾದರಂತೆ. ಚಿತ್ರ ಬಿಡುಗಡೆಯಾದ ಮೇಲೆ ಅದರ ಸಂಭಾಷಣೆಗಳ ಗ್ರಾಮಫೋನ್ ತಟ್ಟೆಗಳೇ ಮಾರಾಟವಾದುವು. ಹಿಂದಿಯ ಒಂದು ಅಕ್ಷರ ಬಾರದವರೂ ಗಬ್ಬರನಂತೆ ಗದರಿಸಿದರು. ಕೊನೆಗೆ ಅವನು ಬಿಸ್ಕತ್ತಿನ ಜಾಹೀರಾತಿಗೂ ಇಳಿದು ಮಕ್ಕಳ ಮಿತ್ರನಾದ. ಕೂಸನ್ನು ಕೊಂದವನು ಕೂಸುಗಳಿಗೆ ಬಿಸ್ಕತ್ತು ಹಂಚುವುದೆಂದರೆ! ಪೋಲೀಸರ ಪಾಲಿಗೆ ಉಳಿದದ್ದು ಅಸ್ರಾಣಿಯವರ ಜೈಲರ್, ಮೀಸೆಯಲ್ಲೂ ನಡಿಗೆಯಲ್ಲೂ ಹಿಟ್ಲರನನ್ನು ಅಣಕಿಸುವ ಆ ಬಡಪಾಯಿ. ಕಾನೂನಿನ ಪಕ್ಷದವರಲ್ಲಿ ಒಬ್ಬನಿಗೆ ಕೈಯಿಲ್ಲ, ಮತ್ತೊಬ್ಬನಿಗೆ ಬುದ್ಧಿಯಿಲ್ಲ. ಸಾಹಿತ್ಯದ ವಿದ್ಯಾರ್ಥಿಗೆ ಇದು ಹೊಸತೇನೂ ಅಲ್ಲ. ರನ್ನನು ‘ಸಾಹಸಭೀಮವಿಜಯ’ವೆಂದು ಹೆಸರಿಟ್ಟು ಭೀಮನನ್ನು ನಾಯಕನನ್ನಾಗಿ ಮಾಡಿದರೂ ಓದುಗನ ಮನಸ್ಸು ದುರ್ಯೋಧನನ ಹಿಂದೆಯೇ ಹೋಗುವುದಿಲ್ಲವೆ?

ಇನ್ನು ಕೊನೆಯ ದೃಶ್ಯ. ಬರೆದದ್ದೂ ಮೊದಲು ಚಿತ್ರಿಸಿದ್ದೂ ಹೀಗೆ: ಠಾಕೂರನ ಆಳು ರಾಮಲಾಲನು ಅವನ ಪಾದರಕ್ಷೆಗಳ ಅಟ್ಟೆಗೆ ಮೊಳೆ ಹೊಡೆದುಕೊಡುತ್ತಾನೆ, ಠಾಕೂರನು ಆ ಕಾಲುಗಳಿಂದಲೇ ಗಬ್ಬರನನ್ನು ತುಳಿದು ಕೊಲ್ಲುತ್ತಾನೆ, ಕೊಂದ ಮೇಲೆ ಕುಸಿದು ಅಳುತ್ತಾನೆ. ಚಿತ್ರ ಸಿದ್ಧವಾಗುವ ವೇಳೆಗೆ, 1975ರ ಜೂನ್ 25ರಂದು, ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಯಾಗಿತ್ತು. ಪೋಲೀಸ್ ಅಧಿಕಾರಿಯಾಗಿದ್ದವನು ಕಾನೂನನ್ನು ಕೈಗೆತ್ತಿಕೊಳ್ಳುವುದೆಂದರೇನೆಂದು ಸೆನ್ಸಾರ್ ಮಂಡಲಿ ಆಕ್ಷೇಪಿಸಿತು. ನಿರ್ದೇಶಕ ರಮೇಶ್ ಸಿಪ್ಪಿಯವರು ಬೇರೊಂದು ಅಂತ್ಯವನ್ನು ಚಿತ್ರಿಸಿ ಸೇರಿಸಬೇಕಾಯಿತು. ಅದರಲ್ಲಿ ಠಾಕೂರನ ಕಾಲು ಮೇಲೆದ್ದಿರುವಾಗ ಪೋಲೀಸರು ಬಂದು, ಶಿಕ್ಷಿಸುವ ಹಕ್ಕು ಕಾನೂನಿನದೆಂದು ನೆನಪಿಸಿ, ಗಬ್ಬರನನ್ನು ಹಿಡಿದೊಯ್ಯುತ್ತಾರೆ. 1975ರ ಆಗಸ್ಟ್ 15ರಂದು ದೇಶ ನೋಡಿದ್ದು, ಮುಂಬಯಿಯ ಮಿನರ್ವಾದಲ್ಲಿ ಐದು ವರ್ಷ ಓಡಿದ್ದು ಈ ಅಂತ್ಯವೇ.

ಈ ಉಪದೇಶದ ಕಾಲವನ್ನು ಸ್ವಲ್ಪ ಗಮನಿಸಬೇಕು. ಬೆಳ್ಳಿತೆರೆಯ ಮೇಲೆ ಕಾನೂನು ಕೊಲೆಗಡುಕನನ್ನು ಕಾಪಾಡುತ್ತಿದ್ದಾಗ, ರಾಮನಗರಕ್ಕೆ ಐವತ್ತು ಕಿಲೋಮೀಟರು ದೂರದ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ವಿಚಾರಣೆಯೇ ಇಲ್ಲದೆ ಜನರನ್ನು ಕೂಡಿಹಾಕಲಾಗಿತ್ತು. ‘ಸಂಸ್ಕಾರ’ (1970) ಚಿತ್ರದಲ್ಲಿ ಚಂದ್ರಿಯಾಗಿ ಅಭಿನಯಿಸಿದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಅಲ್ಲಿಟ್ಟರು. ಅವರಿಗೆ ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಗಬ್ಬರನಿಗೆ ದೊರೆತ ನ್ಯಾಯಾಲಯದ ಹಕ್ಕು ಆ ಕಲಾವಿದೆಗೆ ದೊರೆಯಲಿಲ್ಲ.

ನಾನು ತರಗತಿಯಲ್ಲಿ ಗದಾಯುದ್ಧ ಪಾಠ ಮಾಡುವಾಗ ‘ಶೋಲೆ’ಯ ಮಾತು ಬಂದೇ ಬರುತ್ತದೆ. ಬೆಟ್ಟದ ಸೀಮೆಯ ಹುಡುಗರು. ಅವರಿಗೆ ಅದು ಊರಿನ ಸ್ಥಳಪುರಾಣವಿದ್ದಂತೆ. ಹೋಲಿಕೆಯೇನೂ ದೂರದ್ದಲ್ಲ. ಭೀಮನಿಗೂ ಪ್ರತಿಜ್ಞೆ, ಠಾಕೂರನಿಗೂ ಪ್ರತಿಜ್ಞೆ. ವ್ಯಾಸಭಾರತದಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನನ ತಲೆಯನ್ನು ಭೀಮನು ಎಡಗಾಲಿನಿಂದ ಒದೆಯುತ್ತಾನೆ; ತಡೆಯುವವನು ಧರ್ಮರಾಯ. ನಾಭಿಯ ಕೆಳಗೆ ಹೊಡೆದದ್ದು ನಿಯಮಬಾಹಿರವೆಂದು ಬಲರಾಮನು ನೇಗಿಲೆತ್ತುತ್ತಾನೆ. ಬಲರಾಮನನ್ನು ನಾನು ವಿನೋದಕ್ಕೆ ಭಾರತದ ಸೆನ್ಸಾರ್ ಮಂಡಲಿಯೆಂದು ಕರೆಯುವುದುಂಟು. ಆದರೆ ಒಂದು ಅಂತರವಿದೆ. ವ್ಯಾಸರು ಹೊಡೆತವನ್ನೂ ಬರೆದರು, ಅದರ ಮೇಲಿನ ಆಕ್ಷೇಪಣೆಯನ್ನೂ ಬರೆದರು. ನಮ್ಮ ಮಂಡಲಿ ಹೊಡೆತವನ್ನೇ ಅಳಿಸಿತು. ಹೊಡೆತದೊಡನೆ ಅದರ ಹಿಂದೆ ಬರಬೇಕಾಗಿದ್ದ ಅಳುವೂ ಹೋಯಿತು. ದೊಡ್ಡ ನಷ್ಟ ಆ ಅಳುವಿನದು.

ಏಕೆಂದರೆ ಅಳುವನ್ನು ಕಾಣದೆ ಬೆಳೆದ ಪ್ರೇಕ್ಷಕನಿಗೆ ಒಂದೇ ಕೊರತೆ ಉಳಿಯಿತು: ಛೆ, ಇನ್ನೊಂದು ಕ್ಷಣ ಬಿಟ್ಟಿದ್ದರೆ ಕೊಂದೇಬಿಡುತ್ತಿದ್ದನಲ್ಲ! ಆ ಕೊರತೆಯನ್ನು ಮುಂದಿನ ಪೋಲೀಸ್ ಚಿತ್ರಗಳು ಬಡ್ಡಿ ಸಹಿತ ತೀರಿಸಿದುವು. ಕನ್ನಡದಲ್ಲಿ 1981ರ ‘ಅಂತ’ ಇದಕ್ಕೆ ಮೊದಲ ದೊಡ್ಡ ಉದಾಹರಣೆ. ಎಚ್. ಕೆ. ಅನಂತರಾಯರು ವಾರಪತ್ರಿಕೆಗೆ ಧಾರಾವಾಹಿಯಾಗಿ ಬರೆದ ಕಾದಂಬರಿ ಅದು; ರಾಜೇಂದ್ರಸಿಂಗ್ ಬಾಬು ಚಿತ್ರವನ್ನಾಗಿ ಮಾಡಿದರು. ಇನ್ಸ್‌ಪೆಕ್ಟರ್ ಸುಶೀಲಕುಮಾರನೂ ಪಾತಕಿ ಕನ್ವರಲಾಲನೂ ಅಂಬರೀಷರೇ. ಪೋಲೀಸನು ಪಾತಕಿಯ ವೇಷ ಹಾಕಿದಾಗ ಇಬ್ಬರಿಗೂ ಒಂದೇ ಮುಖ ಎಂಬುದು ಆ ಕಥೆಯ ನಿಜವಾದ ಭಯ. ಪ್ರೇಕ್ಷಕರಿಗೆ ಪ್ರಿಯವಾದದ್ದು ಮಾತ್ರ ಕನ್ವರಲಾಲನ ಠೀವಿ. 1988ರಲ್ಲಿ ಶಂಕರನಾಗರ ‘ಸಾಂಗ್ಲಿಯಾನ’ ಬಂದಿತು. ಸೇವೆಯಲ್ಲಿದ್ದ ಅಧಿಕಾರಿಯೊಬ್ಬರ ಹೆಸರನ್ನೇ ಹೊತ್ತ ಆ ಚಿತ್ರದಲ್ಲಿ ಪೋಲೀಸನಿಗೆ ವೇಷವೂ ವಿನೋದವೂ ಇದ್ದುವು, ಹೊಟ್ಟೆಯುರಿ ಕಡಿಮೆ. ಅದಕ್ಕೇ ನನಗೆ ಅದು ಇಷ್ಟ. 1996ರ ‘ಪೋಲೀಸ್ ಸ್ಟೋರಿ’ಯಲ್ಲಿ ಸಾಯಿಕುಮಾರರ ಕಂಠ ಮೊಳಗಿದ ಮೇಲೆ ತೆರೆಯ ಪೋಲೀಸನು ಮಾತನಾಡುವುದನ್ನು ಬಿಟ್ಟು ಗರ್ಜಿಸತೊಡಗಿದ. ನ್ಯಾಯಾಲಯದ ದೃಶ್ಯಕ್ಕೆ ಯಾರಿಗೂ ತಾಳ್ಮೆ ಉಳಿಯಲಿಲ್ಲ.

ಇದೆಲ್ಲ ಕಟ್ಟುಕಥೆ, ಮೂರು ಗಂಟೆಯ ಮನರಂಜನೆ ಎನ್ನಬಹುದು. ನಾನೂ ಹಾಗೆಯೇ ಅಂದುಕೊಂಡಿರಬಹುದಾಗಿತ್ತು. ಆದರೆ 2019ರ ಡಿಸೆಂಬರ್ 6ರಂದು ಹೈದರಾಬಾದಿನ ಹತ್ತಿರ, ತರುಣ ಪಶುವೈದ್ಯೆಯೊಬ್ಬಳ ಮೇಲೆ ಅತ್ಯಾಚಾರವೆಸಗಿ ಕೊಂದ ಆರೋಪ ಹೊತ್ತಿದ್ದ ನಾಲ್ವರನ್ನು ಪೋಲೀಸರು ಬೆಳಗಿನ ಜಾವ ಗುಂಡಿಟ್ಟು ಕೊಂದರು. ಜನ ಅವರ ಮೇಲೆ ಹೂ ಸುರಿದರು. ಅಂದು ನನ್ನ ತರಗತಿಯಲ್ಲಿಯೂ ಚಪ್ಪಾಳೆಯಾಯಿತು, ಹುಡುಗಿಯರೂ ತಟ್ಟಿದರು. ಅವರ ಸಿಟ್ಟು ಅನ್ಯಾಯದ ಸಿಟ್ಟೆಂದು ನಾನು ಹೇಳಲಾರೆ; ಸಂಜೆ ಕತ್ತಲಾಗುವ ಮೊದಲು ಬಸ್ಸು ಹಿಡಿಯಲು ಕನಕಪುರ, ಮಾಗಡಿಯ ಕಡೆಗೆ ಓಡುವ ಮಕ್ಕಳು ಅವರು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂದಿತು: ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದರು, ಹತ್ತು ಮಂದಿ ಪೋಲೀಸರನ್ನು ಕೊಲೆಯ ಆಪಾದನೆಯ ಮೇಲೆ ವಿಚಾರಣೆಗೆ ಗುರಿಪಡಿಸಬೇಕು, ಎಂದು. ಆ ಸುದ್ದಿ ಬಂದ ದಿನ ತರಗತಿಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಆ ನಾಲ್ವರು ತಪ್ಪಿತಸ್ಥರೋ ಅಲ್ಲವೋ ಎಂಬುದನ್ನು ಯಾವ ನ್ಯಾಯಾಲಯವೂ ಇನ್ನು ಹೇಳುವಂತಿಲ್ಲ. ಕೊಲೆಯಾದವಳ ಮನೆಯವರಿಗೂ ಅದು ತಿಳಿಯುವಂತಿಲ್ಲ.

ಪೋಲೀಸ್ ಕಥೆಯನ್ನು ಬೇರೆ ರೀತಿಯಲ್ಲಿಯೂ ಹೇಳಬಹುದು. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ 1986ರಲ್ಲಿ ಪೋಲೀಸ್ ಕೇಂದ್ರ ಕಚೇರಿಯ ಮುಂದೆಯೇ ಕಾರಿನಲ್ಲಿಟ್ಟ ಬಾಂಬು ಸಿಡಿದು ತರುಣಿ ಕಾನ್‌ಸ್ಟೇಬಲ್ ಒಬ್ಬಳು ಮರಣ ಹೊಂದಿದಳು. ಪೋಲೀಸರಿಗೆ ಇದಕ್ಕಿಂತ ಸ್ವಂತದ ಗಾಯ ಇನ್ನೇನಿದ್ದೀತು? ಆ ಘಟನೆಯ ಎಳೆ ಹಿಡಿದು ಅಲ್ಲಿನ ಸರಕಾರಿ ಟೆಲಿವಿಷನ್ 1992ರಲ್ಲಿ ‘ಫೀನಿಕ್ಸ್’ ಎಂಬ ಧಾರಾವಾಹಿಯನ್ನು ತೋರಿಸಿತು. ಅದರ ಪೋಲೀಸರು ಒರಟರು, ಬಾಯಿ ಹೊಲಸು. ದೇವಮಾನವರು ಖಂಡಿತ ಅಲ್ಲ. ಆದರೆ ಅವರ ಕೆಲಸವೆಲ್ಲ ಚೂರುಗಳನ್ನು ಆರಿಸುವುದು, ಸಾಕ್ಷ್ಯ ಜೋಡಿಸುವುದು, ಕಾಯುವುದು. ನಮ್ಮ ಪ್ರೇಕ್ಷಕನು ಆಕಳಿಸಿಯಾನು. ಸಿಟ್ಟಿರುವ ಪೋಲೀಸನು ಕಾಯುವುದನ್ನು ನೋಡುವ ರುಚಿಯನ್ನು ನಮಗೆ ಯಾರೂ ಹಚ್ಚಲಿಲ್ಲ.

‘ಶೋಲೆ’ಯ ಮೂಲ ಅಂತ್ಯ ಐವತ್ತು ವರ್ಷಗಳ ಮೇಲೆ ಬೆಳ್ಳಿತೆರೆಗೆ ಬಂದಿತು. ಹಳಸಿದ ಪ್ರತಿಗಳನ್ನು ಶುದ್ಧಿಗೊಳಿಸಿ, ಕತ್ತರಿಸಿದ್ದ ದೃಶ್ಯಗಳನ್ನು ಸೇರಿಸಿ, 2025ರ ಜೂನಿನಲ್ಲಿ ಇಟಲಿಯ ಬೊಲೊನ್ಯಾದಲ್ಲಿ ತೋರಿಸಿದರು. ಡಿಸೆಂಬರಿನಲ್ಲಿ ನಮ್ಮ ಚಿತ್ರಮಂದಿರಗಳಿಗೂ ಬಂದಿತು. ಸಂಜೀವಕುಮಾರರು 1985ರಲ್ಲಿಯೇ, ಅಮ್ಜದ್ ಖಾನರು 1992ರಲ್ಲಿಯೇ ಹೋಗಿದ್ದರು. ಅಸ್ರಾಣಿಯವರು ಅದೇ ವರ್ಷ ಅಕ್ಟೋಬರಿನಲ್ಲಿ, ಧರ್ಮೇಂದ್ರರು ನವೆಂಬರಿನಲ್ಲಿ ತೀರಿಕೊಂಡರು. ಊರು ಕಟ್ಟಿದ್ದ ಜಾಗದಲ್ಲಿ ಊರಿಲ್ಲ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮವಾಗಿದೆ.

ನಮ್ಮ ಕಾಲೇಜಿನ ಕೆಲವು ಹುಡುಗರು ಬೆಂಗಳೂರಿಗೆ ಹೋಗಿ ಚಿತ್ರ ನೋಡಿ ಬಂದರು. ಮರುದಿನ ಊರುಭಂಗದ ಪಾಠ. ಮೊಳೆಯ ಪಾದರಕ್ಷೆ, ತುಳಿತ, ಎಲ್ಲವನ್ನೂ ಅವರು ಉತ್ಸಾಹದಿಂದ ವರ್ಣಿಸಿದರು. ಹಿಂದಿನ ಬೆಂಚಿನವನೊಬ್ಬ ಕಾಲೆತ್ತಿಯೂ ತೋರಿಸಿದ. ಆಮೇಲೆ ಅವರಲ್ಲೇ ಒಬ್ಬ, ತುಸು ಅಸಮಾಧಾನದಿಂದಲೇ, ಎದ್ದು ನಿಂತು ಕೇಳಿದ: “ಎಲ್ಲಾ ಸರಿ ಸಾರ್. ಗೆದ್ದಮೇಲೆ ಅವನು ಯಾಕೆ ಅತ್ತ?”

ಪುಸ್ತಕವನ್ನು ಮೇಜಿನ ಮೇಲೆ ಮಗುಚಿಟ್ಟು, ಅವನನ್ನು ಕುಳಿತುಕೊಳ್ಳಲು ಹೇಳಿದೆ. ಆ ದಿನದ ಪದ್ಯಗಳು ಹಾಗೆಯೇ ಉಳಿದುವು.