ರಾಮನಗರ ಮೊದಲೋ, ಚನ್ನಪಟ್ಟಣ ಮೊದಲೋ?

ಮಕ್ಕಳೇ, ಬೆಂಗಳೂರಿನಿಂದ ಮೈಸೂರಿಗೆ ರೈಲುದಾರಿ ಸುಮಾರು 140 ಕಿಲೋಮೀಟರ್. ರಾಮನಗರಕ್ಕೆ ಸುಮಾರು 45, ಹೆಚ್ಚುಕಡಿಮೆ 1/3 ದಾರಿ. ಚನ್ನಪಟ್ಟಣಕ್ಕೆ 56, ಅಂದರೆ 2/5.

ಇವೆರಡರಲ್ಲಿ ಯಾವುದು ದೊಡ್ಡದು? ಬೊಂಬೆ ಕೊಳ್ಳಲು ಚನ್ನಪಟ್ಟಣಕ್ಕೆ ಹೊರಟಾಗ ಮೊಮ್ಮಗಳನ್ನು ಕೇಳಿದೆ. ಭಿನ್ನರಾಶಿಯಲ್ಲಿ ಅಂಕ ಹೋಗಿ, ಗಣಿತವೇ ಬೇಡವೆಂದು ಮುಖ ಊದಿಸಿಕೊಂಡಿದ್ದವಳು ಅವಳು. "1/3, ತಾತ. ಮೂರು ಪಾಲು ಮಾಡಿದರೆ ಒಂದೊಂದು ಪಾಲೂ ದೊಡ್ಡದು" ಎಂದಳು. ಪಾಲು ದೊಡ್ಡದು ನಿಜ. ಆದರೆ ಐದರ ಪಾಲು ಎರಡಿವೆಯಲ್ಲ! ನಾನು ಬಾಯಿ ಬಿಡಲಿಲ್ಲ.

'ಶೋಲೆ' ಚಿತ್ರ ತೆಗೆದ ರಾಮನಗರದ ಬಂಡೆಬೆಟ್ಟಗಳು ಬಂದವು, ಹಿಂದೆ ಸರಿದವು. ಚನ್ನಪಟ್ಟಣ ಇನ್ನೂ ಬಂದಿರಲಿಲ್ಲ. "ಹಾಗಾದರೆ 2/5 ಮುಂದಿದೆ!" ಎಂದು ಅವಳೇ ಕೂಗಿದಳು. ಇಡೀ ದಾರಿಯನ್ನು 15 ಸಮಪಾಲು ಮಾಡಿ: 1/3 ಎಂದರೆ 5 ಪಾಲು, 2/5 ಎಂದರೆ 6. ಛೇದ ಸಮ ಮಾಡಿ ಎಂದು ಮೇಷ್ಟ್ರು ಹೇಳುವುದು ಇದನ್ನೇ. ಮುಂದೆ ಮದ್ದೂರು ಅರ್ಧಕ್ಕಿಂತ ತುಸು ಆಚೆ, ಮಂಡ್ಯ ಸುಮಾರು 2/3. ಕನಕಪುರ, ಮಾಗಡಿ ಈ ದಾರಿಯಲ್ಲಿಲ್ಲ. ಅವಕ್ಕೆ ಬಸ್ಸಿನ ಲೆಕ್ಕ ನೀವೇ ಹಾಕಿ.

ಅಜ್ಜ ಅಜ್ಜಿಯರೇ, ಕಾಲು ಮಗ್ಗಿ, ಅರೆ ಮಗ್ಗಿ ನೆನಪಿದೆಯೇ? ಬ್ಯಾಂಕಿನಲ್ಲಿ ಬಡ್ಡಿ ಹಾಕುವಾಗ ನನ್ನ ಕೈಹಿಡಿದದ್ದು ಅವೇ. 1/8ಕ್ಕೆ ನಮ್ಮವರು 'ಅರೆಕಾಲು' ಎಂದರು: ಕಾಲಿನ ಅರ್ಧ. 8 ದೊಡ್ಡದು, ಆದ್ದರಿಂದ 1/4ಕ್ಕಿಂತ 1/8 ದೊಡ್ಡದು ಎನ್ನಲು ಆ ಪದವೇ ಬಿಡುವುದಿಲ್ಲ. ಮೊಮ್ಮಕ್ಕಳಿಗೆ ಇದನ್ನು ಹೇಳಿಕೊಡಿ.

ಮಕ್ಕಳೇ, ಈಗ ಮೈಸೂರಿನಿಂದ ಎಣಿಸಿ. ಚನ್ನಪಟ್ಟಣ ಎಷ್ಟನೇ ಭಾಗದಲ್ಲಿ ಸಿಗುತ್ತದೆ? ರಾಮನಗರ?