ಎಂಜಿನ್ನಿನ ಕಟಕಟ ಸದ್ದು

ಏರು ಹತ್ತುವಾಗ ಪೆಟ್ರೋಲ್ ಎಂಜಿನ್ ಕೆಲವೊಮ್ಮೆ ಒಳಗೆ ಯಾರೋ ಮೊಳೆ ಬಡಿದಂತೆ ಕಟಕಟ ಎನ್ನುತ್ತದೆ. ಆಕ್ಸಿಲರೇಟರ್ ಸಡಿಲಿಸಿದರೆ ಸದ್ದು ಅಡಗುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಇದು ‘ನಾಕಿಂಗ್’.

1916ರ ಸುಮಾರಿಗೆ ಅಮೆರಿಕದಲ್ಲಿ ಇದಕ್ಕೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ನೇ ಕಾರಣವೆಂದು ದೂರುತ್ತಿದ್ದರು. ಕೆಟರಿಂಗ್ ತಮ್ಮ ಸಹಾಯಕ ಥಾಮಸ್ ಮಿಜ್ಲಿಗೆ ಪರೀಕ್ಷೆಯ ಹೊಣೆ ವಹಿಸಿದರು. ಮಿಜ್ಲಿ ಸಿಲಿಂಡರಿನೊಳಗಿನ ಒತ್ತಡವನ್ನು ಅಳೆದು ನೋಡಿದರು. ಒತ್ತಡ ಹಠಾತ್ತನೆ ಏರುತ್ತಿದ್ದುದು ಕಿಡಿ ಹಾರಿದ ನಂತರ! ದೋಷವಿದ್ದುದು ಇಂಧನದಲ್ಲಿ. ಜ್ವಾಲೆ ತಲುಪುವ ಮುನ್ನವೇ, ಉಳಿದ ಪೆಟ್ರೋಲ್ ಆವಿ ಬಿಸಿ ಮತ್ತು ಒತ್ತಡಕ್ಕೆ ತಾನಾಗಿ ಸಿಡಿಯುತ್ತದೆ. ಕಟಕಟ ಅದರದೇ ಸದ್ದು.

ರೋಗ ಗೊತ್ತಾಯಿತು. 1921ರಲ್ಲಿ ಮಿಜ್ಲಿಗೆ ಮದ್ದೂ ಸಿಕ್ಕಿತು. ಅದು ಸೀಸದ ಸಂಯುಕ್ತ. ಸೀಸ ವಿಷವೆಂಬುದು ಆಗಲೇ ತಿಳಿದ ಸಂಗತಿ. ಅದರಿಂದ ಸ್ವತಃ ಮಿಜ್ಲಿಯೇ 1923ರಲ್ಲಿ ಅಸ್ವಸ್ಥರಾದರು. ಆದರೂ ಅದು ಮಾರುಕಟ್ಟೆಗೆ ಬಂದಿತು. ಹೊಗೆಯೊಂದಿಗೆ ಹೊರಬಂದ ಸೀಸ ಮಕ್ಕಳ ರಕ್ತ ಸೇರಿ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಟ್ಟಿತು. ಭಾರತ 2000ದಲ್ಲಿ ಸೀಸದ ಪೆಟ್ರೋಲನ್ನು ಕೈಬಿಟ್ಟಿತು. ಎಲ್ಲರಿಗಿಂತ ಕೊನೆಗೆ, 2021ರಲ್ಲಿ, ಅಲ್ಜೀರಿಯಾ.

ಮಕ್ಕಳ ಉತ್ತರ ಸರಿಯಿದ್ದರೆ ಮೇಷ್ಟರು ಪೂರ್ತಿ ಅಂಕ ಕೊಡುತ್ತಾರೆ. ಆ ಉತ್ತರದಿಂದ ಯಾರಿಗೆ ಏನಾದೀತು ಎಂಬ ಪ್ರಶ್ನೆಯನ್ನೂ ಮಕ್ಕಳು ಕೇಳಲು ಕಲಿಯಲಿ.