ಮೊಳಕಾಲ್ಮೂರಿನ ರೇಷ್ಮೆ, ಚಳ್ಳಕೆರೆಯ ವಿಮಾನ

ವಿಮಾನದ ರೆಕ್ಕೆಗೆ ರೇಷ್ಮೆ ಬಟ್ಟೆ ಹೊದಿಸ್ತಾರೆ ಅಂದ್ರೆ ನಂಬ್ತೀರಾ? ತಮಾಷೆ ಅಲ್ಲ, ನಿಜ. ನಮ್ಮ ಮನೆಯಲ್ಲಿರೋ ಪುಟ್ಟ ವಿಮಾನದ ರೆಕ್ಕೆಗೆ ರೇಷ್ಮೆ ಹೊದಿಸಿದವರು ಮೊಳಕಾಲ್ಮೂರಿನ ನನ್ನ ಸೋದರಮಾವ. ಅವರು ಸೀರೆ ನೇಯುವವರು. ಇಂಜಿನಿಯರ್ ಅಂತ ಸರ್ಟಿಫಿಕೇಟ್ ಇರೋದು ನನ್ನ ಹತ್ರ :) ಈ ಕತೆ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ, ಈ ಭಾನುವಾರ ಪುರುಸೊತ್ತಾಯ್ತು.

ನನ್ನ ಊರು ಚಳ್ಳಕೆರೆ. ಮೊದಲೆಲ್ಲ ಊರಿನ ಹೆಸರು ಹೇಳಿದರೆ "ಓ, ಕಡ್ಲೆಕಾಯಿ ಎಣ್ಣೆ ಊರು" ಅನ್ನೋರು. ಈಗ ಆಫೀಸಿನಲ್ಲಿ ಹೇಳಿದರೆ "ಇಸ್ರೋದವರು ವಿಮಾನ ಇಳಿಸಿದರಲ್ಲ, ಅದೇನಾ?" ಅಂತಾರೆ. ಹೌದು, ಅದೇ. ಡಿಆರ್‌ಡಿಓದ ವಿಮಾನ ಪರೀಕ್ಷಾ ವಲಯ ನಮ್ಮ ತಾಲ್ಲೂಕಿನಲ್ಲಿದೆ. ರುಸ್ತುಂ-2 ಅನ್ನೋ ಪೈಲಟ್ ಇಲ್ಲದ ವಿಮಾನ 2016ರ ನವೆಂಬರಿನಲ್ಲಿ ಮೊದಲ ಸಲ ಹಾರಿದ್ದು ಅಲ್ಲಿಂದಲೇ. 2017ರ ಮೇ 28ರಂದು ಆ ಜಾಗದ ಉದ್ಘಾಟನೆ ಆಯಿತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ರೆಕ್ಕೆ ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಎತ್ತರಕ್ಕೆ ಎತ್ತಿಕೊಂಡು ಹೋಗಿ ಬಿಟ್ಟಿತು. ಅದು ತಾನೇ ದಾರಿ ನೋಡಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು.

ಇದನ್ನೆಲ್ಲ ಊರಿನ ಜನ ನೋಡಿದ್ದು ಟೀವಿಯಲ್ಲಿ. ಹತ್ತಿರದಿಂದ ನೋಡಲು ಸಿಕ್ಕಿದ್ದು 2019ರ ಸೆಪ್ಟೆಂಬರ್ 17ರಂದು, ರುಸ್ತುಂ-2 ಜೋಡಿಚಿಕ್ಕೇನಹಳ್ಳಿ ಹತ್ತಿರ ಬಿದ್ದಾಗ. ಹಾರುವಾಗ ನಮ್ಮದಲ್ಲ, ಬಿದ್ದಾಗ ಮಾತ್ರ ನಮ್ಮದು! ಹಾರುವ ಒಂದು ವಸ್ತುವನ್ನು ಕೈಯಿಂದ ಮುಟ್ಟಿ, ಅದು ಯಾಕೆ ಹಾರುತ್ತೆ ಅಂತ ತಿಳ್ಕೋಬೇಕು ಅನ್ನೋ ಆಸೆ ನನಗೆ ಅಲ್ಲಿಂದ ಹತ್ತಿದ್ದು.

ಹೋದ ದೀಪಾವಳಿ ಹೊತ್ತಿಗೆ, ಮನೆಯಿಂದಲೇ ಕೆಲಸ ಮಾಡಲು ಕೆಲವು ವಾರ ಅನುಮತಿ ಸಿಕ್ಕಿತ್ತು. ಒಂದು ಆರ್‌ಸಿ ವಿಮಾನದ ಕಿಟ್ ತರಿಸಿದೆ. ಡಬ್ಬ ಬಿಚ್ಚಿದರೆ ವಿಮಾನ ಇಲ್ಲ, ಬರೀ ಬಾಲ್ಸಾ ಮರದ ತೆಳು ಹಾಳೆಗಳು. ಲೇಸರಿನಿಂದ ಕತ್ತರಿಸಿದ ಹತ್ತಾರು ಪಕ್ಕೆಲುಬುಗಳು, ಉದ್ದದ ದಬ್ಬೆಗಳು, ಒಂದು ದೊಡ್ಡ ನಕ್ಷೆ. ರೆಕ್ಕೆಯ ಉದ್ದ 130 ಸೆಂ.ಮೀ., ಅಗಲ 22 ಸೆಂ.ಮೀ. ಬ್ಯಾಟರಿ, ಮೋಟಾರು, ಎರಡು ಪುಟ್ಟ ಸರ್ವೋ ಎಲ್ಲ ಸೇರಿ ಒಂದು ಕೆಜಿ ಚಿಲ್ಲರೆ ತೂಕ. ಹಳೇ ಬಾಗಿಲೊಂದನ್ನು ಮಂಚದ ಮೇಲೆ ಹಾಸಿ, ಅದರ ಮೇಲೆ ನಕ್ಷೆ, ನಕ್ಷೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗುಂಡುಪಿನ್ನು ಚುಚ್ಚಿ ಒಂದೊಂದೇ ಎಲುಬು ಅಂಟಿಸುತ್ತಾ ಹೋದೆ. ಅಪ್ಪ ಪ್ರತಿ ರಾತ್ರಿ ಬಂದು ನೋಡಿ "ಮೀನಿನ ಮುಳ್ಳು ಇದ್ದಂಗೈತೆ" ಅಂತ ಹೇಳಿ ಹೋಗೋರು.

ತೊಂದರೆ ಬಂದಿದ್ದು ಹೊದಿಕೆಯಲ್ಲಿ. ಈಗಿನ ಕಿಟ್‌ಗಳಿಗೆ ಇಸ್ತ್ರಿ ಪೆಟ್ಟಿಗೆಯಿಂದ ಅಂಟಿಸುವ ಪ್ಲಾಸ್ಟಿಕ್ ಫಿಲ್ಮ್ ಕೊಡ್ತಾರೆ. ನನಗೆ ಬಂದ ಸುರುಳಿ ದಾರಿಯಲ್ಲೇ ಬಿಸಿಲಿಗೆ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿತ್ತು. ಫಿಲ್ಮ್ ಬರುವ ಮೊದಲು ಏನು ಮಾಡ್ತಿದ್ರು ಅಂತ ಹುಡುಕಿದಾಗ ಗೊತ್ತಾಯ್ತು... ರೇಷ್ಮೆ! ನಿಜವಾದ ವಿಮಾನಗಳಿಗೂ ಬಟ್ಟೆಯೇ. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ರೆಕ್ಕೆಗೆ ಹೊದಿಸಿದ್ದು ಮಸ್ಲಿನ್, ಅಂದರೆ ತೆಳು ಹತ್ತಿ ಬಟ್ಟೆ. ಅಷ್ಟು ದೂರ ಯಾಕೆ, ಬೆಂಗಳೂರಿನ ಎಚ್‌ಎಎಲ್ ಮಾಡಿದ, 1958ರಲ್ಲಿ ಮೊದಲು ಹಾರಿದ ಎರಡು ಸೀಟಿನ ವಿಮಾನಕ್ಕೂ ಬಟ್ಟೆಯ ಹೊದಿಕೆಯೇ. ಅದರ ಹೆಸರು ಏನು ಗೊತ್ತಾ? ಪುಷ್ಪಕ್. 2024ರ ಮಾರ್ಚ್ 22ರಂದು ನಮ್ಮೂರಿನಲ್ಲಿ ಇಳಿದ ಇಸ್ರೋ ವಾಹನಕ್ಕೂ ಅದೇ ಹೆಸರು!

ರೇಷ್ಮೆ ಅಂದಮೇಲೆ ಮೊಳಕಾಲ್ಮೂರು ಬಿಟ್ಟು ಇನ್ನೆಲ್ಲಿಗೆ ಹೋಗಲಿ? ರೆಕ್ಕೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ.

ಮಾವನ ಮನೆಯಲ್ಲಿ ಆಗ ಎರಡು ಮಗ್ಗ ಇದ್ದವು. ಒಂದರಲ್ಲಿ ಮಾವ, ಇನ್ನೊಂದರ ಮೇಲೆ ಹಳೇ ಬಟ್ಟೆಯ ಗಂಟು. ಅವರ ಮಗ ಬೆಂಗಳೂರಿನಲ್ಲಿ ಗೋದಾಮಿನ ಕೆಲಸಕ್ಕೆ ಸೇರಿದ ಮೇಲೆ ಆ ಗುಂಡಿಗೆ ಯಾರೂ ಇಳಿದಿಲ್ಲ. ಮೊಳಕಾಲ್ಮೂರು ಸೀರೆಗೆ ಜಿಐ ಗುರುತು ಸಿಕ್ಕಿದೆ ಅಂತ ನಾನು ಹೆಮ್ಮೆಯಿಂದ ಹೇಳಿದರೆ ಮಾವ "ಗುರುತು ಸಿಕ್ಕೈತೆ ಅಳಿಯಾ, ಹುಡುಗ್ರು ಸಿಕ್ಕಿಲ್ಲ" ಅಂದರು.

ರೆಕ್ಕೆಯ ಅಸ್ಥಿಪಂಜರವನ್ನು ಎರಡು ಕೈಯಲ್ಲಿ ಹಿಡಿದು, ಮೆಲ್ಲಗೆ ತಿರುಚಿ ನೋಡಿದರು. ಅವರು ಕೇಳಿದ ಮೊದಲ ಪ್ರಶ್ನೆ, "ಇದಕ್ಕೆ ಬಿಗಿ ಯಾವ ಕಡೆ ಬರ್ಬೇಕು?"

ನಾನು ಓದಿಕೊಂಡು ಹೋಗಿದ್ದ ಹತ್ತು ಪುಟದ ಸಾರ ಅದೇ ಒಂದು ಪ್ರಶ್ನೆ! ಬಟ್ಟೆಯ ಹಾಸು ರೆಕ್ಕೆಯ ಉದ್ದಕ್ಕೆ ಬರಬೇಕು, ಹೊಕ್ಕು ಅಡ್ಡಕ್ಕೆ. ಒಂದು ಕಡೆ ಹೆಚ್ಚು ಎಳೆದರೆ ಒಣಗುವಾಗ ರೆಕ್ಕೆ ತಿರುಚಿಕೊಳ್ಳುತ್ತೆ. ತಿರುಚಿದ ರೆಕ್ಕೆಯ ಒಂದು ತುದಿ ಗಾಳಿಯನ್ನು ಹೆಚ್ಚು ಹಿಡಿಯುತ್ತೆ, ಇನ್ನೊಂದು ಕಡಿಮೆ. ಆಮೇಲೆ ರಿಮೋಟ್ ಎಷ್ಟು ತಿರುಗಿಸಿದರೂ ವಿಮಾನ ಒಂದೇ ಕಡೆ ವಾಲುತ್ತೆ. "ಹಾಸಿನ ಎಳೆಗಳು ಒಂದೇ ಬಿಗಿ ಇಲ್ದಿದ್ರೆ ಸೀರೆನೂ ಹಂಗೇ ಸೊಟ್ಟ ಬರ್ತೈತೆ" ಅಂದರು ಮಾವ.

ಸೀರೆಯ ಬಟ್ಟೆ ತೂಗಿ ನೋಡಿದೆವು, ತೀರಾ ಭಾರ. ಮಾವ ಪರಿಚಯದವರ ಹತ್ತಿರ ಹೋಗಿ ತೆಳು ರೇಷ್ಮೆಯ ತುಂಡು ತಂದರು. ಹಿಂದೆ ಇದಕ್ಕೆ ಬಳಿಯುತ್ತಿದ್ದ ದ್ರಾವಣಕ್ಕೆ ಡೋಪ್ ಅಂತ ಹೆಸರು. ಬಡಗಿಗಳು ಬಳಸುವ ಎನ್‌ಸಿ ಲ್ಯಾಕರ್ ಅದರ ಹತ್ತಿರದ ಸಂಬಂಧಿ. ಬರೀ ಅದನ್ನೇ ಬಳಿದರೆ ಒಣಗಿದ ಮೇಲೂ ಬಿಗಿಯುತ್ತಾ ಹೋಗುತ್ತೆ, ಅದಕ್ಕೆ ಕೆಲವು ಹನಿ ಹರಳೆಣ್ಣೆ ಬೆರೆಸಬೇಕು. ಎಣ್ಣೆ ಊರಿನವನಿಗೆ ಹರಳೆಣ್ಣೆಗೇನು ಬರ! (ಮಾಡುವವರು ಕಿಟಕಿ ತೆಗೆದಿಟ್ಟುಕೊಳ್ಳಿ, ಒಲೆ ಆರಿಸಿ. ಈ ಲ್ಯಾಕರ್ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತೆ.)

ಮಾವ ರೇಷ್ಮೆಯನ್ನು ನೀರಲ್ಲಿ ಅದ್ದಿ, ಹಿಂಡದೆ, ರೆಕ್ಕೆಯ ಮೇಲೆ ಹಾಸಿದರು. ಮಧ್ಯದಿಂದ ತುದಿಗೆ, ಮತ್ತೆ ಮಧ್ಯದಿಂದ ಇನ್ನೊಂದು ತುದಿಗೆ ಬೆರಳಲ್ಲಿ ಎಳೆಯುತ್ತಾ ಹೋದರು. ನಾನು ಹಿಂದಿನಿಂದ ಅಂಚಿಗೆ ಲ್ಯಾಕರ್ ಬಳಿಯುತ್ತಾ ಬಂದೆ. ಕೆಳಭಾಗಕ್ಕೂ ಹಾಗೇ. ಸಮ ಹಲಗೆಗೆ ಬಿಗಿದು ಒಣಗಲು ಬಿಟ್ಟೆವು. ಬೆಳಿಗ್ಗೆ ಬೆರಳಲ್ಲಿ ತಟ್ಟಿದರೆ ತಮಟೆ ಥರ ಸದ್ದು! ಅತ್ತೆ ಕಾಫಿ ಲೋಟ ಹಿಡಿದು ಅದನ್ನೇ ನೋಡ್ತಾ ನಿಂತುಬಿಟ್ಟರು.

ಹಾರಿಸಿದ್ದು ಸಂಕ್ರಾಂತಿ ಮರುದಿನ. ನಮ್ಮ ಕಡೆ ಆಷಾಢದ ಗಾಳಿಗೆ ಗಾಳಿಪಟ ಸರಿ, ಈ ವಿಮಾನ ಅಲ್ಲ. ಪರೀಕ್ಷಾ ವಲಯದ ಹತ್ತಿರವಂತೂ ಆ ಯೋಚನೆಯೇ ಬೇಡ. 2021ರ ಡ್ರೋನ್ ನಿಯಮಗಳ ಪ್ರಕಾರ ಕೆಂಪು ವಲಯದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ನಕ್ಷೆ ನೋಡಿ, ಹೊಲದವರನ್ನು ಕೇಳಿ, ಮೊಳಕಾಲ್ಮೂರಿನ ಆಚೆ ಕಡ್ಲೆಕಾಯಿ ಕಿತ್ತ ಖಾಲಿ ಹೊಲಕ್ಕೆ ಬೆಳ್ಳಂಬೆಳಿಗ್ಗೆ ಹೋದೆವು. ರೆಕ್ಕೆಯ ಮುಂದಿನ ಅಂಚಿನಿಂದ 6 ಸೆಂ.ಮೀ. ಹಿಂದೆ ಎರಡು ಬೆರಳಿಟ್ಟು ಎತ್ತಿದರೆ ವಿಮಾನ ತಕ್ಕಡಿಯಂತೆ ನಿಲ್ಲಬೇಕು. ನಿಂತಿತು. ಮಾವನೇ ಕೈಯಿಂದ ಎಸೆದರು.

ಆರು ನಿಮಿಷ. ವಾಲಲಿಲ್ಲ, ಎಳೆಯಲಿಲ್ಲ. ಸೂರ್ಯನಿಗೆ ಅಡ್ಡ ಬಂದಾಗ ರೇಷ್ಮೆಯ ಒಳಗಿನ ಒಂದೊಂದು ಎಲುಬೂ ಕಾಣುತ್ತಿತ್ತು. ಇಳಿಯುವಾಗ ಹೆಂಟೆಗೆ ತಾಗಿ ಮಗುಚಿತು, ಪ್ರೊಪೆಲ್ಲರ್ ಮುರಿಯಿತು. ಬಟ್ಟೆ ಹರಿದಿರಲಿಲ್ಲ. ಮಾವ ಮೊದಲು ನೋಡಿದ್ದು ಅದನ್ನೇ.

ವಾಪಸ್ ಬರುವಾಗ ಕೇಳಿದರು, "ಗೋಡೆ ಒಳಗೆ ಹಾರಿಸ್ತಾರಲ್ಲ, ಅವಕ್ಕೂ ಬಟ್ಟೆನಾ?" ಒಂದು ರೀತಿ ಹೌದು. ಕಾರ್ಬನ್ ನಾರನ್ನು ಬಟ್ಟೆಯಂತೆ ನೇಯ್ದು, ಪದರ ಪದರವಾಗಿ ಹಾಸಿ, ರಾಳದಲ್ಲಿ ಗಟ್ಟಿ ಮಾಡ್ತಾರೆ. ತೇಜಸ್ ವಿಮಾನದ ಒಡಲಿನ ತೂಕದಲ್ಲಿ ಶೇ. 45ರಷ್ಟು ಇಂಥ ವಸ್ತುವೇ. ಅಲ್ಲೂ ನಾರು ಯಾವ ದಿಕ್ಕಿಗೆ ಅನ್ನೋದೇ ಮುಖ್ಯ ಲೆಕ್ಕ. ಹೇಳಿದ್ದನ್ನು ಕೇಳಿ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು "ಹಂಗಾದ್ರೆ ನಮ್ಮ ಕೆಲ್ಸನೇ ಬಿಡು" ಅಂದರು.

ನನ್ನನ್ನು ಕೊರೆಯುತ್ತಿರೋದು ಆ ಮಾತು. ಕುರಿ ದನ ಮೇಯುತ್ತಿದ್ದ ಅಮೃತ ಮಹಲ್ ಕಾವಲಿನಲ್ಲಿ ಡಿಆರ್‌ಡಿಓಗೆ 4,290 ಎಕರೆ, ಐಐಎಸ್‌ಸಿಗೆ 1,500 ಎಕರೆ ಹೋಯಿತು. ದೇಶಕ್ಕೆ ಅದು ಬೇಕು, ಒಪ್ಪೋಣ. ಆದರೆ ಗೋಡೆಯ ಈಚೆ ಇರುವ ಸ್ಕೂಲಿನ ಮಕ್ಕಳ ಕೈಗೆ ಒಂದು ಬಾಲ್ಸಾ ರೆಕ್ಕೆ ಸಿಗೋಕೆ ಎಷ್ಟು ಎಕರೆ ಬೇಕು? ಒಂದು ಹಳೇ ಬಾಗಿಲು ಸಾಕು. ಹೇಳಿಕೊಡಲು ಬಿಗಿ ಗೊತ್ತಿರುವ ನಾಲ್ಕು ಜನ ಮೊಳಕಾಲ್ಮೂರಿನಲ್ಲಿ ಇನ್ನೂ ಇದ್ದಾರೆ.

ಯುಗಾದಿ ಆದ ಮೇಲೆ ಮಾವ ಎರಡನೇ ಮಗ್ಗ ಮಾರಿದರು. ಮುಂದಿನ ಬೇಸಿಗೆ ರಜೆಗೆ ಊರಿನ ಐದಾರು ಮಕ್ಕಳನ್ನು ಸೇರಿಸಿ ಇನ್ನೊಂದು ವಿಮಾನ ಕಟ್ಟೋಣ ಅಂತಿದ್ದೀನಿ, ಹೊದಿಕೆಯ ಪಾಠ ಮಾವನದ್ದೇ. ನಿಮ್ಮಲ್ಲಿ ಯಾರಾದರೂ ಕಟ್ಟಿದವರಿದ್ದರೆ ಹೇಳಿ... ಮಕ್ಕಳ ಕೈಗೆ ಸುಲಭವಾಗುವ ನಕ್ಷೆ ಯಾವುದು?